ಕರಾವಳಿಯ ಏಳು ಮುಕ್ತಿಕ್ಷೇತ್ರ: ಮಂಡಿ ನೋವಿರುವ ಅಮ್ಮನ ಜೊತೆ ಹೇಗೆ ಹೋಗೋದು?

ತುಮಕೂರಿನ ಮಗಳು

ಎಲ್ಲರಿಗೂ ನಮಸ್ಕಾರ. ಪರಶುರಾಮ ಕ್ಷೇತ್ರ ಅನ್ನೋ ನಮ್ಮ ಕರಾವಳಿಯ ಏಳು ಮುಕ್ತಿಕ್ಷೇತ್ರಗಳನ್ನು ಒಂದೇ ಸಂಕಲ್ಪದಲ್ಲಿ ನೋಡಬೇಕು ಅನ್ನೋದು ನಮ್ಮಮ್ಮನ ಬಹಳ ವರ್ಷಗಳ ಆಸೆ. ಉಡುಪಿ, ಸುಬ್ರಹ್ಮಣ್ಯ, ಕುಂಭಾಶಿ, ಕೋಟೇಶ್ವರ, ಶಂಕರನಾರಾಯಣ, ಕೊಲ್ಲೂರು, ಗೋಕರ್ಣ. ಇದರಲ್ಲಿ ಉಡುಪಿ, ಕೊಲ್ಲೂರು, ಸುಬ್ರಹ್ಮಣ್ಯಕ್ಕೆ ಅಪ್ಪನ ಜೊತೆ ಬೇರೆ ಬೇರೆ ವರ್ಷ ಹೋಗಿ ಬಂದಿದ್ದಾರೆ. ಏಳನ್ನೂ ಸೇರಿಸಿ ಹೋಗೋಣ ಅಂತ ಅಪ್ಪ ಹೇಳುತ್ತಲೇ ಇದ್ದರು, ಆಗಲಿಲ್ಲ. ಈಗ ಅಪ್ಪ ಇಲ್ಲ. ಅಮ್ಮನಿಗೆ ಎಪ್ಪತ್ತು ದಾಟಿದೆ, ಎರಡೂ ಮಂಡಿ ನೋವು, ನೆಲದ ಮೇಲೆ ಕೂತರೆ ಏಳೋಕೆ ಇಬ್ಬರು ಹಿಡಿಯಬೇಕು. ಆದರೆ ಮಾತಿಗೆ ಕೂತರೆ ಇದೇ ವಿಷಯ.

ಇಲ್ಲಿನ ಟ್ರಾವೆಲ್ಸ್‌ನವರನ್ನು ಕೇಳಿದೆ. ಎಲ್ಲರ ಹತ್ತಿರವೂ ಹೆಚ್ಚುಕಮ್ಮಿ ಒಂದೇ ಪ್ಯಾಕೇಜ್: ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಕೊಲ್ಲೂರು, ಮುರುಡೇಶ್ವರ, ಶೃಂಗೇರಿ, ಹೊರನಾಡು. ಎಲ್ಲವೂ ದೊಡ್ಡ ಕ್ಷೇತ್ರಗಳೇ, ಬೇಡ ಅಂತಲ್ಲ. ಆದರೆ ಕೋಟೇಶ್ವರ, ಶಂಕರನಾರಾಯಣದ ಹೆಸರು ಯಾರೂ ಎತ್ತಲಿಲ್ಲ. ಅಮ್ಮನಿಗೆ ಬೇಕಿರೋದು ಆ ಏಳು, ಅಷ್ಟೇ.

ಹೋಗೋದು ನಾನು, ನಮ್ಮನೆಯವರು, ಮಗ, ಅಮ್ಮ. ನಮ್ಮದೇ ಕಾರಿದೆ, ಆದರೆ ಘಾಟಿಯಲ್ಲಿ ತುಂಬಾ ಹೊತ್ತು ಕೂತರೆ ಅಮ್ಮನಿಗೆ ಕಾಲು ಊದುತ್ತದೆ. ಈ ಏಳಕ್ಕೆ ಇಂಥದೇ ಕ್ರಮ ಅಂತ ಇದೆಯಾ? ಎಲ್ಲಿ ಉಳಿದುಕೊಂಡರೆ ಓಡಾಟ ಕಡಿಮೆ? ಎಷ್ಟು ದಿನ ಇಟ್ಟುಕೊಳ್ಳಬೇಕು? ಗೋಕರ್ಣದಲ್ಲಿ ಲಿಂಗ ಮುಟ್ಟಿ ನಮಸ್ಕಾರ ಮಾಡಬಹುದಂತೆ, ಅದಕ್ಕೆ ಬಗ್ಗಬೇಕಾ? ಹೋಗಿ ಬಂದವರು, ಆ ಕಡೆಯ ಊರಿನವರು ದಯವಿಟ್ಟು ಹೇಳಿ.

ಕುಂದಾಪ್ರದವ

ಮೊದಲು ಕುಂದಾಪುರದಲ್ಲಿ ರೂಮ್ ಮಾಡಿ. ಇದೊಂದು ತೀರ್ಮಾನವಾದರೆ ಅರ್ಧ ತಲೆನೋವು ಹೋಯಿತು.

ನೀವು ಹೇಳಿದ ಏಳರಲ್ಲಿ ನಾಲ್ಕು ನಮ್ಮ ಹಳೇ ಕುಂದಾಪುರ ತಾಲ್ಲೂಕಿನಲ್ಲೇ ಇವೆ. ಕೊಲ್ಲೂರು ಈಗ ಬೈಂದೂರು ತಾಲ್ಲೂಕಿಗೆ ಸೇರಿದೆ, ಇರಲಿ, ದಾರಿ ಅದೇ. ಕುಂದಾಪುರದಿಂದ ಕೋಟೇಶ್ವರ ನಾಲ್ಕೈದು ಕಿಲೋಮೀಟರ್, ಅಲ್ಲಿಂದ ಇನ್ನು ಅಷ್ಟೇ ದೂರ ಮುಂದೆ ಹೋದರೆ ಕುಂಭಾಶಿ. ಉಡುಪಿ ದಕ್ಷಿಣಕ್ಕೆ 38 ಕಿ.ಮೀ. ಆಸುಪಾಸು, ಕೊಲ್ಲೂರು ಈಶಾನ್ಯಕ್ಕೆ ಸುಮಾರು 40. ಶಂಕರನಾರಾಯಣ ಹಾಲಾಡಿ ದಾಟಿ ಒಳಗೆ. ಅಂದರೆ ಐದು ಕ್ಷೇತ್ರಕ್ಕೆ ಒಂದೇ ಕಡೆ ಪೆಟ್ಟಿಗೆ ಇಟ್ಟು ಹೋಗಿ ಬರಬಹುದು. ದಿನಾ ರೂಮ್ ಖಾಲಿ ಮಾಡಿ, ಲಗೇಜ್ ಕಟ್ಟಿ, ಅಮ್ಮನನ್ನು ಹತ್ತಿಸಿ ಇಳಿಸಿ ಮಾಡುವುದೇ ದೊಡ್ಡ ಸುಸ್ತು, ದರ್ಶನದಿಂದ ಯಾರೂ ಸುಸ್ತಾಗುವುದಿಲ್ಲ.

ಒಂದು ಬೆಳಿಗ್ಗೆ ಕುಂಭಾಶಿ, ಕೋಟೇಶ್ವರ ಎರಡೂ ಮುಗಿಯುತ್ತವೆ. ಕುಂಭಾಶಿಯಲ್ಲಿ ಎಲ್ಲರೂ ನೋಡೋದು ಆನೆಗುಡ್ಡೆ ವಿನಾಯಕನನ್ನು. ಗುಡ್ಡೆ ಅಂತ ಹೆದರಬೇಡಿ, ವಾಹನ ದೇವಸ್ಥಾನದ ಹತ್ತಿರದವರೆಗೂ ಹೋಗುತ್ತದೆ. ಭೀಮ ಕುಂಭಾಸುರನನ್ನು ಕೊಂದದ್ದು ಇಲ್ಲೇ, ಅದಕ್ಕೆ ಕತ್ತಿ ಕೊಟ್ಟವನು ಗಣಪತಿ ಅಂತ ಸ್ಥಳಪುರಾಣ. ಸಂಕಷ್ಟಿ ದಿನ ಮಾತ್ರ ಬೇಡ, ನಿಲ್ಲಲು ಜಾಗ ಇರುವುದಿಲ್ಲ. ಕುಂಭಾಶಿಯಲ್ಲಿ ಹರಿಹರ ದೇವಸ್ಥಾನವೂ ಇದೆ. ಏಳು ಕ್ಷೇತ್ರ ಅಂತ ಸಂಕಲ್ಪ ಮಾಡಿ ಬಂದವರು ಅದನ್ನೂ ನೋಡಿಕೊಂಡು ಹೋಗಿ, ಬಹಳ ಜನ ಆನೆಗುಡ್ಡೆಯಿಂದಲೇ ಗಾಡಿ ತಿರುಗಿಸಿಬಿಡುತ್ತಾರೆ.

ಕೋಟೇಶ್ವರದ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಹೆದ್ದಾರಿಯಲ್ಲಿ ಹೋಗುವವರು ಬೋರ್ಡ್ ನೋಡಿಯೂ ನಿಲ್ಲಿಸದ ಊರು ಇದು. ಕೋಟಿಲಿಂಗೇಶ್ವರ ದೇವಸ್ಥಾನ, ಪಕ್ಕದಲ್ಲಿ ಕೋಟಿತೀರ್ಥ ಅನ್ನುವ ಕೆರೆ. ಕೆರೆ ಅಂದರೆ ಸಣ್ಣ ಕಲ್ಯಾಣಿ ಅಲ್ಲ, ಮೊದಲ ಸಲ ನೋಡಿದವರು ಇಷ್ಟು ದೊಡ್ಡದಾ ಅಂತ ನಿಂತುಬಿಡುತ್ತಾರೆ. ವೃಶ್ಚಿಕ ಮಾಸದ ಹುಣ್ಣಿಮೆಗೆ ಇಲ್ಲಿ ತೇರು, ನಾವು ಕೋಡಿ ಹಬ್ಬ ಅನ್ನುತ್ತೇವೆ. ಆ ದಿನ ಜನ ಕೆರೆಗೆ ಸುತ್ತು ಬರುತ್ತಾ ಅಕ್ಕಿ ಹಾಕುತ್ತಾರೆ, ಅದು ಸುತ್ತಕ್ಕಿ ಸೇವೆ. ಹೊಸದಾಗಿ ಮದುವೆಯಾದವರು ಜೋಡಿಯಾಗಿ ಬಂದು ಕಬ್ಬಿನ ಕೋಡಿ, ಅಂದರೆ ಕುಡಿ, ಕೊಂಡು ಮನೆಗೆ ಒಯ್ಯುತ್ತಾರೆ, ಸಂತಾನ ಆಗಲಿ ಅಂತ. ನಮ್ಮ ಕಡೆ ಮದುವೆಯಾದ ಮೊದಲ ವರ್ಷ ಕೋಡಿ ಹಬ್ಬಕ್ಕೆ ಹೋಗದವರು ಕಡಿಮೆ. ನಿಮ್ಮ ಅಮ್ಮನ ಕಾಲಿಗೆ ಆ ಜನಜಂಗುಳಿ ಆಗದು, ಬೇರೆ ದಿನ ಬನ್ನಿ. ಬೆಳಿಗ್ಗೆ ಎಂಟಕ್ಕೆಲ್ಲ ಬಂದರೆ ಆರಾಮಾಗಿ ನಿಂತು ನೋಡಬಹುದು, ಯಾರೂ ಮುಂದೆ ಮುಂದೆ ಅಂತ ತಳ್ಳುವುದಿಲ್ಲ.

ಮರುದಿನ ಶಂಕರನಾರಾಯಣ. ಕ್ರೋಡ ಮಹರ್ಷಿ ತಪಸ್ಸು ಮಾಡಿದ ಜಾಗ, ಹಾಗಾಗಿ ಕ್ರೋಡ ಕ್ಷೇತ್ರ ಅಂತಲೂ ಕರೆಯುತ್ತಾರೆ. ಗರ್ಭಗುಡಿಯಲ್ಲಿ ನೆಲಮಟ್ಟಕ್ಕಿಂತ ಕೆಳಗೆ ಜೋಡಿ ಲಿಂಗ, ಒಂದು ಶಂಕರ, ಒಂದು ನಾರಾಯಣ. ಅಲ್ಲಿಂದ ಸಿದ್ದಾಪುರದ ಮೇಲೆ ಕಮಲಶಿಲೆಗೆ ಹೋಗಿ. ಅದು ಏಳರಲ್ಲಿ ಇಲ್ಲ, ಆದರೆ ದಾರಿಯಲ್ಲೇ ಸಿಗುತ್ತದೆ. ಬ್ರಾಹ್ಮೀ ದುರ್ಗಾಪರಮೇಶ್ವರಿ ಅಲ್ಲಿನ ತಾಯಿ. ಮಳೆಗಾಲದಲ್ಲಿ ಕುಬ್ಜಾ ನದಿ ಉಕ್ಕಿ ಗರ್ಭಗುಡಿಗೇ ನುಗ್ಗುತ್ತದೆ, ದೇವಿಗೆ ಹೊಳೆಯ ಸ್ನಾನ ಅಂತ ಊರವರು ಕಾದು ನೋಡುತ್ತಾರೆ. ಅಲ್ಲಿಂದ ಒಳರಸ್ತೆ ಹಿಡಿದು ಸಂಜೆಗೆ ಕೊಲ್ಲೂರು. ಆ ರಾತ್ರಿ ಕೊಲ್ಲೂರಿನಲ್ಲೇ ಉಳಿಯಿರಿ. ಹಗಲು ಹೋಗಿ ಹಗಲೇ ಬಂದರೆ ಕೊಲ್ಲೂರು ನೋಡಿದ ಹಾಗೇ ಆಗುವುದಿಲ್ಲ. ರಾತ್ರಿ ಪೂಜೆ ಮುಗಿದ ಮೇಲೆ ಕಷಾಯ ತೀರ್ಥ ಕೊಡುತ್ತಾರೆ, ಅದನ್ನು ಅಮ್ಮನಿಗೆ ಕುಡಿಸಿ.

ಸುಬ್ರಹ್ಮಣ್ಯ ಮತ್ತು ಗೋಕರ್ಣ, ಇವೆರಡೇ ದೂರ. ಒಂದು ಈ ತುದಿ, ಒಂದು ಆ ತುದಿ.

ವಾರಾಂತ್ಯದ ಸವಾರ

ಕಾರು ಇದ್ದರೆ ಇಷ್ಟು ಯೋಚನೆ ಬೇಡ ಅಕ್ಕ. ಮೂರು ದಿನದಲ್ಲಿ ಮುಗಿಯುತ್ತದೆ. ತುಮಕೂರಿನಿಂದ ತಿಪಟೂರು, ಅರಸೀಕೆರೆ, ಹಾಸನ, ಸಕಲೇಶಪುರ, ಶಿರಾಡಿ ಇಳಿದು ಗುಂಡ್ಯದಲ್ಲಿ ಎಡಕ್ಕೆ ತಿರುಗಿದರೆ ಸುಬ್ರಹ್ಮಣ್ಯ. ಬೆಳಗಿನ ಜಾವ ಹೊರಟರೆ ಮಧ್ಯಾಹ್ನ ಬಾಗಿಲು ಹಾಕುವ ಮೊದಲು ದರ್ಶನ. ಸಂಜೆ ಉಡುಪಿ. ಎರಡನೇ ದಿನ ಕುಂಭಾಶಿ, ಕೋಟೇಶ್ವರ, ಶಂಕರನಾರಾಯಣ, ಕೊಲ್ಲೂರು. ಮೂರನೇ ದಿನ ಗೋಕರ್ಣ, ಅಲ್ಲಿಂದ ಮನೆಗೆ.

ವಾಪಸ್ ಬರುವಾಗ ಮತ್ತೆ ಕರಾವಳಿ ಇಳಿಯಬೇಡಿ. ಕುಮಟಾದಿಂದ ಶಿರಸಿ ಹತ್ತಿ, ಹಾವೇರಿಯಲ್ಲಿ 48ನೇ ಹೆದ್ದಾರಿ ಹಿಡಿದರೆ ದಾವಣಗೆರೆ, ಚಿತ್ರದುರ್ಗ ಮೇಲೆ ನೇರ ತುಮಕೂರು. ಬೆಂಗಳೂರಿನವರಿಗಿಂತ ನಿಮಗೇ ಲಾಭ. ಹೊರಡುವ ಮೊದಲು ಕುಮಟಾ ಶಿರಸಿ ನಡುವಿನ ದೇವಿಮನೆ ಘಾಟಿ ತೆರೆದಿದೆಯಾ ಅಂತ ಮಾತ್ರ ವಿಚಾರಿಸಿಕೊಳ್ಳಿ. ಮಳೆಗಾಲವಾದರೆ ಶಿರಾಡಿಯನ್ನೂ ಅಷ್ಟೇ, ಗುಡ್ಡ ಕುಸಿದು ನಿಲ್ಲಿಸಿದರೆ ಇಡೀ ಪ್ಲಾನ್ ತಲೆಕೆಳಗು.

ನಾವು ಸ್ನೇಹಿತರು ಹೀಗೇ ಹೋಗಿ ಬಂದಿದ್ದೇವೆ, ತುಂಬಾ ಚೆನ್ನಾಗಿತ್ತು.

ರಥಬೀದಿ

ಮೇಲಿನವರು ಹೇಳಿದ ಮೂರು ದಿನದ ಲೆಕ್ಕ ಮೂವತ್ತರ ಹುಡುಗರಿಗೆ ಸರಿ ಮಾರಾಯ್ರೆ. ಎಪ್ಪತ್ತು ದಾಟಿದ ತಾಯಿಗೆ ಹೇಳಬೇಡಿ. ಸುಬ್ರಹ್ಮಣ್ಯದಿಂದ ಉಡುಪಿಗೇ 150 ಕಿ.ಮೀ. ಹತ್ತಿರ ಆಗುತ್ತದೆ, ಕೊಲ್ಲೂರಿನಿಂದ ಗೋಕರ್ಣ ಇನ್ನೂ 140ರ ಆಸುಪಾಸು. ಎರಡನೇ ದಿನ ನಾಲ್ಕು ಕ್ಷೇತ್ರ ಅಂದಿರಿ. ದೇವಸ್ಥಾನಗಳು ಮಧ್ಯಾಹ್ನದ ಪೂಜೆ ಮುಗಿಸಿ ಒಂದೂವರೆ, ಎರಡಕ್ಕೆಲ್ಲ ಬಾಗಿಲು ಹಾಕುತ್ತವೆ. ಕೊಲ್ಲೂರು, ಸುಬ್ರಹ್ಮಣ್ಯದಲ್ಲಿ ಮೂರು, ಮೂರೂವರೆಗೆ ತೆರೆದರೆ ಗೋಕರ್ಣದಲ್ಲಿ ಸಂಜೆ ಐದಾಗುತ್ತದೆ. ಇದನ್ನು ಲೆಕ್ಕ ಹಾಕದೆ ಹೊರಟವರು ಬಾಗಿಲ ಮುಂದೆ ಕಾರಿನಲ್ಲಿ ಕಾಯುವುದನ್ನು ದಿನಾ ನೋಡುತ್ತೇನೆ.

ಕ್ರಮ ಕೇಳಿದಿರಿ. ಹಿರಿಯರು ಹೇಳುವ ಶ್ಲೋಕದಲ್ಲಿ ರೂಪ್ಯಪೀಠ, ಕುಮಾರಾದ್ರಿ, ಕುಂಭಾಶಿ, ಧ್ವಜೇಶ್ವರ, ಕ್ರೋಡ, ಗೋಕರ್ಣ, ಮೂಕಾಂಬೆ ಅಂತ ಬರುತ್ತದೆ. ರೂಪ್ಯಪೀಠ ಅಂದರೆ ನಮ್ಮ ಉಡುಪಿ, ಕುಮಾರಾದ್ರಿ ಅಂದರೆ ಸುಬ್ರಹ್ಮಣ್ಯ, ಧ್ವಜೇಶ್ವರ ಅಂದರೆ ಕೋಟೇಶ್ವರ, ಕ್ರೋಡ ಅಂದರೆ ಶಂಕರನಾರಾಯಣ, ಮೂಕಾಂಬೆ ಅಂದರೆ ಕೊಲ್ಲೂರು. ಇದು ಹೆಸರು ಹೇಳುವ ಸಾಲು, ಹೀಗೇ ನಡೆಯಬೇಕು ಅನ್ನುವ ವಿಧಿ ಅಲ್ಲ. ಭೂಪಟ ನೋಡಿದರೆ ನಿಮಗೇ ಗೊತ್ತಾಗುತ್ತದೆ, ಈ ಸಾಲಿನಲ್ಲಿ ಹೋದರೆ ಉಡುಪಿಯಿಂದ ದಕ್ಷಿಣಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿ ಮತ್ತೆ ಉತ್ತರಕ್ಕೆ ಬರಬೇಕು, ಗೋಕರ್ಣದಿಂದ ಮತ್ತೆ ಕೊಲ್ಲೂರಿಗೆ ತಿರುಗಬೇಕು. ನಿಮಗೆ ಅನುಕೂಲವಾದ ದಾರಿಯಲ್ಲಿ ಬನ್ನಿ. ಮೊದಲು ಮನೆದೇವರಿಗೆ ಕಾಣಿಕೆ ಎತ್ತಿಟ್ಟು, ಗಣಪತಿಯನ್ನು ನೆನೆದು ಹೊರಟರೆ ಆಯಿತು.

ಆದರೆ ಉಡುಪಿಯೊಳಗೆ ಒಂದು ಕ್ರಮ ಇದೆ. ಅದನ್ನು ಬಿಡಬೇಡಿ. ಜನ ಬಸ್ ಇಳಿದು ಸೀದಾ ಕೃಷ್ಣಮಠದ ಸಾಲಿಗೆ ಹೋಗಿ ನಿಲ್ಲುತ್ತಾರೆ. ನಾವು ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಆಮೇಲೆ ಕೃಷ್ಣ. ಮೂರೂ ರಥಬೀದಿಯಲ್ಲೇ ಎದುರುಬದುರು ಅನ್ನುವಷ್ಟು ಹತ್ತಿರ. ಆಚಾರ್ಯ ಮಧ್ವರು ಕೃಷ್ಣನನ್ನು ಪ್ರತಿಷ್ಠೆ ಮಾಡಿದ್ದು 13ನೇ ಶತಮಾನದಲ್ಲಿ. ಪರಶುರಾಮರ ಕಥೆಗೆ ಸೇರಿದ ಉಡುಪಿ ಅಂದರೆ ಅನಂತೇಶ್ವರನ ಉಡುಪಿ. ಅಲ್ಲಿ ದೇವರು ಲಿಂಗರೂಪದಲ್ಲಿ ಇದ್ದಾನೆ, ಮಧ್ವರು ಶಿಷ್ಯರಿಗೆ ಪಾಠ ಹೇಳಿದ್ದೂ, ಕೊನೆಗೆ ಅದೃಶ್ಯರಾದದ್ದೂ ಅಲ್ಲೇ ಅಂತ ನಂಬಿಕೆ. ಏಳು ಕ್ಷೇತ್ರದ ಸಂಕಲ್ಪ ಹೊತ್ತು ಬಂದು ಅನಂತೇಶ್ವರನನ್ನು ನೋಡದೆ ಹೋದರೆ ನನ್ನ ಮಟ್ಟಿಗೆ ಉಡುಪಿ ಅರ್ಧವೇ ಆಯಿತು. ಚಂದ್ರಮೌಳೀಶ್ವರನ ಗುಡಿ ರಸ್ತೆಗಿಂತ ತಗ್ಗಿನಲ್ಲಿದೆ, ಕೆಲವು ಮೆಟ್ಟಿಲು ಇಳಿಯಬೇಕು. ಅಮ್ಮನಿಗೆ ಕಷ್ಟವಾದರೆ ಮೇಲಿನಿಂದಲೇ ಕೈಮುಗಿಯಲಿ, ಏನೂ ದೋಷವಿಲ್ಲ.

ಕೃಷ್ಣನ ಸಾಲು ಉದ್ದ ಇದ್ದರೆ ಅಮ್ಮನನ್ನು ಕನಕನ ಕಿಂಡಿಯ ಹತ್ತಿರ ಕರೆದುಕೊಂಡು ಹೋಗಿ. ಅದು ರಥಬೀದಿಯ ಕಡೆಗೇ ಇದೆ, ಹೊರಗಿನಿಂದಲೇ ಕಾಣುತ್ತದೆ. ಕೃಷ್ಣ ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದಾನೆ, ಕನಕದಾಸರು ಕಂಡದ್ದೂ ಆ ಕಿಂಡಿಯಿಂದಲೇ. ಒಳಗೆ ಹೋದವರು ಕೂಡ ನೋಡೋದು ಒಂಬತ್ತು ತೂತಿನ ನವಗ್ರಹ ಕಿಂಡಿಯ ಮೂಲಕವೇ ಅಲ್ವಾ.

ಏಕಾದಶಿಯಂದು ಮಠದಲ್ಲಿ ಊಟ ಇರುವುದಿಲ್ಲ, ಪಂಚಾಂಗ ನೋಡಿ ಬನ್ನಿ. ಸಮ ಸಂಖ್ಯೆಯ ವರ್ಷಗಳಲ್ಲಿ ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣಪೂಜೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ಉತ್ಸವ, ಅದರ ಹಿಂದೆ ಮುಂದೆ ಊರಿನಲ್ಲಿ ರೂಮ್ ಸಿಗುವುದಿಲ್ಲ. ಸಂಕ್ರಾಂತಿ ಸಮಯದ ಸಪ್ತೋತ್ಸವ ಪ್ರತಿ ವರ್ಷವೂ ಇರುತ್ತದೆ, ಆಗಲೂ ಜನವೇ ಜನ.

ತುಮಕೂರಿನ ಮಗಳು

ಎಲ್ಲರಿಗೂ ತುಂಬಾ ಧನ್ಯವಾದ. ರಥಬೀದಿಯವರು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಅಪ್ಪನೂ ಅನಂತೇಶ್ವರಕ್ಕೇ ಮೊದಲು ಕರೆದುಕೊಂಡು ಹೋಗಿದ್ದರಂತೆ, ಯಾಕೆ ಅಂತ ಈಗ ಗೊತ್ತಾಯಿತು ಅಂದರು.

ಕುಂದಾಪುರದಲ್ಲಿ ಉಳಿಯೋದು ಖಂಡಿತ. ಸುಬ್ರಹ್ಮಣ್ಯವನ್ನು ಹೇಗೆ ಸೇರಿಸೋದು ಅನ್ನೋದೇ ಉಳಿದಿರುವ ಪ್ರಶ್ನೆ. ಅಮ್ಮನಿಗೆ ಅಲ್ಲಿ ನಾಗದೋಷ ಪರಿಹಾರಕ್ಕೆ ಮಾಡುವ ಆಶ್ಲೇಷ ಬಲಿ ಪೂಜೆ ಮಾಡಿಸುವ ಮನಸ್ಸೂ ಇದೆ. ಅದನ್ನು ಬೇರೆಯಾಗಿ, ಒಂದು ತಿಂಗಳು ಬಿಟ್ಟು ಹೋದರೆ ಸಂಕಲ್ಪ ಮುರಿದ ಹಾಗೆ ಆಗುತ್ತದಾ? ಗೋಕರ್ಣದ ಬಗ್ಗೆಯೂ ಯಾರಾದರೂ ಹೇಳಿ.

ಸೌಪರ್ಣಿಕಾ

ನಮ್ಮ ಅತ್ತೆಗೂ ಇದೇ ಮಂಡಿ, ಇದೇ ಆಸೆ. ಅವರನ್ನು ಕರೆದುಕೊಂಡು ಹೋಗಿ ಬಂದ ಮೇಲೆ ಹೇಳುತ್ತಿದ್ದೇನೆ, ಸುಬ್ರಹ್ಮಣ್ಯವನ್ನು ಬೇರೆಯಾಗಿಯೇ ಇಟ್ಟುಕೊಳ್ಳಿ. ನಮ್ಮ ಪುರೋಹಿತರನ್ನು ಕೇಳಿಯೇ ಹಾಗೆ ಮಾಡಿದ್ದು. ಸಂಕಲ್ಪವನ್ನು ಮನೆಯಲ್ಲೇ ಮಾಡಿಕೊಂಡು ಒಂದು ಕಾಣಿಕೆ ಗಂಟು ಕಟ್ಟಿಡಿ, ಏಳೂ ಮುಗಿಯುವವರೆಗೆ ಗಂಟು ಇರಲಿ, ಎರಡು ಕಂತಿನಲ್ಲಿ ಹೋದರೂ ಒಂದೇ ಯಾತ್ರೆ ಅಂದರು. ನಮಗೆ ಅದು ಮನಸ್ಸಿಗೆ ಸರಿ ಅನ್ನಿಸಿತು. ನಿಮ್ಮ ಮನೆ ಪುರೋಹಿತರನ್ನೂ ಒಂದು ಮಾತು ಕೇಳಿ.

ಸುಬ್ರಹ್ಮಣ್ಯಕ್ಕೆ ಒಂದು ರಾತ್ರಿ ಪೂರ್ತಿ ಕೊಡಿ. ಸುಮ್ನೆ ದಾರಿಯಲ್ಲಿ ಇಳಿದು ನೋಡಿ ಹೋಗುವ ಜಾಗ ಅಲ್ಲ ಅದು. ಕುಮಾರಧಾರೆಯಲ್ಲಿ ಮೊದಲು ಸ್ನಾನ, ಆಗದಿದ್ದರೆ ಪ್ರೋಕ್ಷಣೆ ಮಾಡಿಕೊಂಡರೂ ಸಾಕು. ನಮ್ಮ ಅತ್ತೆಯನ್ನು ದಡದಲ್ಲಿ ಕುರ್ಚಿ ಹಾಕಿ ಕೂರಿಸಿ ಚೊಂಬಿನಲ್ಲಿ ನೀರು ತಂದು ಕಾಲಿಗೆ ಹಾಕಿದೆವು. ದೇವಸ್ಥಾನಕ್ಕೆ ಹಿಂಬದಿಯಿಂದ ಒಳಹೋಗಿ ಸುತ್ತಿ ಮುಂದೆ ಬರಬೇಕು. ಆದಿ ಸುಬ್ರಹ್ಮಣ್ಯ ಹತ್ತಿರದಲ್ಲೇ, ಅಲ್ಲಿ ಹುತ್ತ ಇದೆ. ಪ್ರಸಾದವಾಗಿ ಹುತ್ತದ ಮಣ್ಣು ಸಿಗುತ್ತದೆ, ಮನೆಗೆ ತನ್ನಿ. ಆಶ್ಲೇಷ ಬಲಿಗೆ ಆಶ್ಲೇಷ ನಕ್ಷತ್ರದ ದಿನವೇ ಆಗಬೇಕು ಅಂತ ಎಲ್ಲರೂ ಅವತ್ತೇ ಬರುತ್ತಾರೆ, ಮಂಗಳವಾರ, ಭಾನುವಾರ, ಷಷ್ಠಿ ದಿನಗಳಲ್ಲೂ ಹಾಗೇ. ಬೇರೆ ದಿನವೂ ಮಾಡುತ್ತಾರೆ, ಅಮ್ಮನ ಕಾಲು ನೋಡಿ ದಿನ ಆರಿಸಿ. ಸೇವೆಗೆ ಕೂರುವಾಗ ನೆಲದಲ್ಲಿ ಆಗದು ಅಂತ ಮೊದಲೇ ಹೇಳಿ. ಸರ್ಪಸಂಸ್ಕಾರದ ಯೋಚನೆ ಇದ್ದರೆ ಅದು ಎರಡು ದಿನದ ಕೆಲಸ, ಬುಕಿಂಗ್ ಬಹಳ ಮೊದಲೇ ಆಗಬೇಕು.

ಉಳಿದ ಆರಕ್ಕೆ ನಾವು ಕಾರು ಬಿಟ್ಟು ರೈಲಿನಲ್ಲಿ ಹೋದೆವು. ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್, ಬೆಳಿಗ್ಗೆ ಕುಂದಾಪುರ. ಅತ್ತೆ ರಾತ್ರಿ ಪೂರ್ತಿ ಕಾಲು ಚಾಚಿ ಮಲಗಿದರು. ಕೆಳಗಿನ ಬರ್ತ್ ಸಿಗುವ ಹಾಗೆ ಮುಂಚೆ ಟಿಕೆಟ್ ಮಾಡಿ. ಅದೇ ರೈಲು ಬೈಂದೂರು, ಭಟ್ಕಳ, ಕುಮಟಾ ದಾಟಿ ಗೋಕರ್ಣ ರೋಡ್‌ಗೂ ಹೋಗಿ ಕಾರವಾರದಲ್ಲಿ ನಿಲ್ಲುತ್ತದೆ. ಹಾಗಾಗಿ ಕೊನೆಗೆ ಗೋಕರ್ಣ ನೋಡಿಕೊಂಡು ಸಂಜೆ ಗೋಕರ್ಣ ರೋಡ್‌ನಲ್ಲಿ ಹತ್ತಿದರೆ ಮರುದಿನ ಬೆಳಿಗ್ಗೆ ಬೆಂಗಳೂರು. ಸುಬ್ರಹ್ಮಣ್ಯ ರೋಡ್‌ನಲ್ಲೂ ನಿಲ್ಲುತ್ತದೆ, ಆದರೆ ನಡುರಾತ್ರಿ. ಸ್ಟೇಷನ್ ಇರೋದು ನೆಟ್ಟಣದಲ್ಲಿ, ದೇವಸ್ಥಾನಕ್ಕೆ ಅಲ್ಲಿಂದ ಇನ್ನೂ ಹನ್ನೆರಡು ಕಿ.ಮೀ. ಹತ್ತಿರ, ವಯಸ್ಸಾದವರನ್ನು ಇಟ್ಟುಕೊಂಡು ಆ ಹೊತ್ತಿನಲ್ಲಿ ಇಳಿಯಬೇಡಿ.

ಕುಂದಾಪುರದಲ್ಲಿ ಒಂದು ಟ್ಯಾಕ್ಸಿ ದಿನದ ಲೆಕ್ಕದಲ್ಲಿ ಗೊತ್ತು ಮಾಡಿ. ಬಸ್ಸಿನಲ್ಲೇ ಓಡಾಡುವ ಯೋಚನೆ ಇದ್ದರೆ ಒಂದು ಮಾತು. ಮಹಿಳೆಯರಿಗೆ ಉಚಿತ ಪ್ರಯಾಣ ಇರೋದು ಸರ್ಕಾರಿ ಬಸ್ಸಿನಲ್ಲಿ, ಆ ಕಡೆ ಓಡಾಡುವ ಬಸ್ಸುಗಳಲ್ಲಿ ಖಾಸಗಿಯವೇ ಹೆಚ್ಚು, ಅದರಲ್ಲಿ ಟಿಕೆಟ್ ಕೊಡಬೇಕು.

ಗೋಕರ್ಣದಲ್ಲಿ ಮೊದಲು ಸಮುದ್ರ, ಆಮೇಲೆ ಅಲ್ಲಿನ ಕೋಟಿತೀರ್ಥ ಕೆರೆ, ಆಮೇಲೆ ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ಇದು ಅಲ್ಲಿಯ ಪದ್ಧತಿ. ರಾವಣನ ಕೈಯಿಂದ ಆತ್ಮಲಿಂಗವನ್ನು ನೆಲಕ್ಕೆ ಇಳಿಸಿದವನೇ ಗಣಪತಿ, ಅವನನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಮಹಾಬಲೇಶ್ವರನ ಲಿಂಗ ಎದ್ದು ನಿಂತಿರುವುದಿಲ್ಲ. ಪೀಠದ ನಡುವೆ ಸಣ್ಣ ಗುಳಿ, ಅದರೊಳಗೆ ಕೈ ಇಟ್ಟು ಮುಟ್ಟಬೇಕು. ಹಾಗಾಗಿ ಹೌದು, ಬಗ್ಗಲೇಬೇಕು, ಮಂಡಿ ಊರಿದರೆ ಸುಲಭ. ನಮ್ಮ ಅತ್ತೆಯನ್ನು ನಮ್ಮವರು ಹಿಂದಿನಿಂದ ಹಿಡಿದುಕೊಂಡರು, ಅರ್ಚಕರೂ ಅವಸರ ಮಾಡದೆ ನಿಂತರು. ಕೈ ತಾಗಿತು. ಆ ಮುಖ ನೋಡಿದ ಮೇಲೆ ಇಷ್ಟೆಲ್ಲ ಓಡಾಡಿದ್ದು ನಮಗೆ ಭಾರ ಅನ್ನಿಸಲೇ ಇಲ್ಲ. ನಿಮ್ಮ ಮನೆಯವರಿಗೂ ಮಗನಿಗೂ ಪಂಚೆ ಇಟ್ಟುಕೊಳ್ಳಿ, ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು. ಉಡುಪಿ, ಕೊಲ್ಲೂರು, ಸುಬ್ರಹ್ಮಣ್ಯದಲ್ಲೂ ಅಂಗಿ ತೆಗೆಯಬೇಕು, ಹೆಗಲಿಗೆ ಒಂದು ಶಲ್ಯ ಇರಲಿ.

ಶರಾವತಿ ದಡ

ಕೊಲ್ಲೂರಿನಿಂದ ಗೋಕರ್ಣಕ್ಕೆ ಹೋಗುವ ದಾರಿ ನಮ್ಮ ಊರಿನ ಮೇಲೇ ಹಾಯುತ್ತದೆ, ಹಾಗಾಗಿ ಒಂದು ವಿಷಯ ಹೇಳಬೇಕು ಅನ್ನಿಸಿತು. ಗೋಕರ್ಣದ ಕಥೆ ಗೋಕರ್ಣದಲ್ಲೇ ಮುಗಿಯುವುದಿಲ್ಲ. ಲಿಂಗ ನೆಲಕ್ಕೆ ಕಚ್ಚಿಕೊಂಡ ಮೇಲೆ ರಾವಣ ಸಿಟ್ಟಿನಲ್ಲಿ ಅದನ್ನು ಇಟ್ಟಿದ್ದ ಸಂಪುಟ ಅಂದರೆ ಪೆಟ್ಟಿಗೆ, ಮುಚ್ಚಳ, ದಾರ, ಬಟ್ಟೆ ಎಲ್ಲವನ್ನೂ ಎಸೆದ. ಸಂಪುಟ ಬಿದ್ದದ್ದು ಕಾರವಾರದ ಹತ್ತಿರದ ಸಜ್ಜೇಶ್ವರದಲ್ಲಿ, ಮುಚ್ಚಳ ಗುಣವಂತೆಯಲ್ಲಿ, ದಾರ ಧಾರೇಶ್ವರದಲ್ಲಿ, ಬಟ್ಟೆ ಮುರುಡೇಶ್ವರದಲ್ಲಿ. ಗೋಕರ್ಣವೂ ಸೇರಿ ಇವು ನಮ್ಮ ಕಡೆಯ ಪಂಚಕ್ಷೇತ್ರ. ಶಿವರಾತ್ರಿ ಹೊತ್ತಿಗೆ ಐದನ್ನೂ ಸುತ್ತುವವರು ಇದ್ದಾರೆ.

ನೀವು ಐದನ್ನೂ ಸುತ್ತಿ ಅಂತ ಹೇಳುತ್ತಿಲ್ಲ. ಭಟ್ಕಳ ದಾಟಿದ ಮೇಲೆ ಮುರುಡೇಶ್ವರ, ಆಮೇಲೆ ಗುಣವಂತೆ, ಹೊನ್ನಾವರದಲ್ಲಿ ಶರಾವತಿ ಸೇತುವೆ, ಆಮೇಲೆ ಧಾರೇಶ್ವರ, ಕುಮಟಾ. ಇದು ಹೆದ್ದಾರಿಯ ಸಾಲು. ಮುರುಡೇಶ್ವರದಲ್ಲಿ 20 ಅಂತಸ್ತಿನ ಗೋಪುರ, 123 ಅಡಿಯ ಶಿವ, ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ. ಆದರೆ ಬಿಸಿಲು, ನಡಿಗೆ, ಜನ ಎಲ್ಲವೂ ಜಾಸ್ತಿ. ಅಮ್ಮನ ದೃಷ್ಟಿಯಿಂದ ನೋಡಿದರೆ ಗುಣವಂತೆ, ಧಾರೇಶ್ವರ ವಾಸಿ. ಎರಡೂ ರಸ್ತೆಗೆ ಹತ್ತಿರ, ಎರಡೂ ಹಳೆಯ ಗುಡಿಗಳು, ಹೆಚ್ಚಿನ ದಿನ ಸಾಲೇ ಇರುವುದಿಲ್ಲ. ಕಾಲು ಚಾಚಲು ಹೇಗೂ ಎಲ್ಲಾದರೂ ಇಳಿಯಬೇಕಲ್ಲ, ಹೋಟೆಲಿನ ಬದಲು ಅಲ್ಲಿ ಇಳಿಯಿರಿ. ಇಡಗುಂಜಿ ಗಣಪತಿಯೂ ಇದೇ ದಾರಿಯಲ್ಲಿ ಸ್ವಲ್ಪ ಒಳಗೆ. ಗೋಕರ್ಣದ ಗಣಪತಿಯ ಹಾಗೆ ಅವನೂ ಎರಡು ಕೈಯವನು, ನಿಂತಿದ್ದಾನೆ. ಹೊತ್ತಿದ್ದರೆ ನೋಡಿ.

ಗೋಕರ್ಣಕ್ಕೆ ಸಂಜೆ ತಲುಪಿ, ರಾತ್ರಿ ಉಳಿದು, ಬೆಳಿಗ್ಗೆ ಬೇಗ ದರ್ಶನ ಮಾಡಿ. ವಾರಾಂತ್ಯದಲ್ಲಿ ಬೀಚಿಗೆ ಬರುವವರಿಂದಲೇ ರೂಮೆಲ್ಲ ತುಂಬಿ, ದರವೂ ಏರಿರುತ್ತದೆ. ಮಂಗಳವಾರ, ಬುಧವಾರ ಬಂದರೆ ಒಳ್ಳೆಯದು. ಮಳೆಗಾಲದಲ್ಲಿ ಸಮುದ್ರಕ್ಕೆ ಇಳಿಯಲೇಬೇಡಿ, ದಡದಲ್ಲೇ ನೀರು ಮುಟ್ಟಿ ತಲೆಗೆ ಹಾಕಿಕೊಳ್ಳಿ.

ವಾರಾಂತ್ಯದ ಸವಾರ

ರಥಬೀದಿಯವರ ಮಾತು ಒಪ್ಪಿದೆ, ಬಾಗಿಲು ಹಾಕುವ ಹೊತ್ತು ಮುಖ್ಯ. ಆದರೂ ರೈಲಿಗಿಂತ ಸ್ವಂತ ಕಾರೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ಅಮ್ಮನಿಗೆ ಬೇಕಾದಲ್ಲಿ ನಿಲ್ಲಿಸಬಹುದು, ಬಚ್ಚಲಿಗೆ ಹೋಗಬೇಕಾದರೆ ಪೆಟ್ರೋಲ್ ಬಂಕ್ ಇದೆ, ಔಷಧಿ, ದಿಂಬು, ಬಿಸಿನೀರಿನ ಫ್ಲಾಸ್ಕ್ ಎಲ್ಲ ಕೈಗೆ ಸಿಗುತ್ತದೆ. ಘಾಟಿಯ ಚಿಂತೆ ಇದ್ದರೆ ಹೋಗುವಾಗ ಹಾಸನದಲ್ಲಿ ಒಂದು ರಾತ್ರಿ ಉಳಿದು ಬೆಳಿಗ್ಗೆ ಇಳಿಯಿರಿ.

ಸೌಪರ್ಣಿಕಾ

ಅದೂ ಸರಿಯೇ. ನಮ್ಮ ಮನೆಯಲ್ಲಿ ಘಾಟಿ ಓಡಿಸುವವರು ಒಬ್ಬರೇ ಇದ್ದದ್ದು, ಅವರೂ ದರ್ಶನಕ್ಕೆ ನಿಲ್ಲಬೇಕಲ್ಲ, ಅದಕ್ಕೇ ರೈಲು ಹಿಡಿದೆವು. ಇಬ್ಬರು ಓಡಿಸುವವರಿದ್ದರೆ ಕಾರು ತನ್ನಿ.

ಒಂದು ಹೇಳುವುದು ಬಿಟ್ಟೆ. ಕೊಲ್ಲೂರಿನಲ್ಲಿ ಕೊಡಚಾದ್ರಿಗೆ ಜೀಪ್ ಬರುತ್ತೀರಾ ಅಂತ ಕೇಳುತ್ತಾರೆ. ಶಂಕರಾಚಾರ್ಯರ ಸರ್ವಜ್ಞ ಪೀಠ ಮೇಲಿದೆ, ನೋಡಲೇಬೇಕು ಅಂತ ಅಮ್ಮನಿಗೂ ಅನ್ನಿಸಬಹುದು. ದಾರಿ ತುಂಬಾ ಹದಗೆಟ್ಟ ಮಣ್ಣಿನ ದಾರಿ, ಜೀಪಿನಲ್ಲಿ ಎತ್ತಿ ಎತ್ತಿ ಹಾಕುತ್ತದೆ, ಮಂಡಿ ಸೊಂಟ ಎರಡಕ್ಕೂ ಕಷ್ಟ. ನೀವು ಮಗನ ಜೊತೆ ಹೋಗಿ ಬನ್ನಿ, ಅಮ್ಮ ದೇವಸ್ಥಾನದ ಸರಸ್ವತಿ ಮಂಟಪದ ಹತ್ತಿರ ಕೂತಿರಲಿ. ಅಲ್ಲಿ ಯಾರಾದರೂ ಹಾಡುತ್ತಲೋ ಮಗುವಿಗೆ ಅಕ್ಷರ ಬರೆಸುತ್ತಲೋ ಇರುತ್ತಾರೆ, ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಕೇರಳದ ಕಡೆಯಿಂದ ಬರುವ ಭಕ್ತರು ಬಹಳ. ನವರಾತ್ರಿಯಲ್ಲಿ, ಅದರಲ್ಲೂ ವಿಜಯದಶಮಿ ವಿದ್ಯಾರಂಭಕ್ಕೆ ವಿಪರೀತ ಜನ.

ಕುಂದಾಪ್ರದವ

ದಿನ ಗೊತ್ತು ಮಾಡುವ ಮೊದಲು ಇಷ್ಟು ನೋಡಿಕೊಳ್ಳಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಚೆನ್ನಾಗಿರುತ್ತದೆ, ಸೆಕೆ ಕಡಿಮೆ. ಆದರೆ ಶಬರಿಮಲೆ ಸೀಸನ್ ಶುರುವಾದರೆ ಸಂಕ್ರಾಂತಿವರೆಗೂ ಮಾಲಾಧಾರಿಗಳ ಬಸ್ಸುಗಳು ಕೊಲ್ಲೂರಿಗೂ ಸುಬ್ರಹ್ಮಣ್ಯಕ್ಕೂ ಬರುತ್ತಲೇ ಇರುತ್ತವೆ. ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿ, ಕೋಟೇಶ್ವರದಲ್ಲಿ ಕೋಡಿ ಹಬ್ಬ, ಎರಡೂ ಹತ್ತಿರ ಹತ್ತಿರವೇ ಬರುತ್ತವೆ. ನನ್ನನ್ನು ಕೇಳಿದರೆ ಸಂಕ್ರಾಂತಿಯ ಗದ್ದಲ ಮುಗಿದ ಮೇಲೆ, ಶಿವರಾತ್ರಿಗೆ ಮೊದಲು ಬನ್ನಿ. ವಾರದ ನಡುವೆ.

ಶಂಕರನಾರಾಯಣಕ್ಕೆ ಹೋಗುವ ದಿನ ಅಮ್ಮನಿಗೆ ತಿಂಡಿ ಕುಂದಾಪುರದಲ್ಲೇ ಮಾಡಿಸಿ ಹೊರಡಿ, ಒಳಗೆ ಹೋದ ಮೇಲೆ ಹೋಟೆಲ್ ಕಡಿಮೆ. ಮಧ್ಯಾಹ್ನದ ಊಟಕ್ಕೆ ಕಮಲಶಿಲೆಯಲ್ಲಿ ದೇವಸ್ಥಾನದ ಪ್ರಸಾದವಿದೆ. ನೆಲದ ಪಂಕ್ತಿ ಆಗುವುದಿಲ್ಲ ಅಂತ ಬಡಿಸುವವರಿಗೆ ಹೇಳಿ, ಒಂದು ಕುರ್ಚಿ ಕೊಟ್ಟೇ ಕೊಡುತ್ತಾರೆ.

ತುಮಕೂರಿನ ಮಗಳು

ಎಲ್ಲ ಓದಿದೆವು. ನಮ್ಮನೆಯವರು ಒಬ್ಬರೇ ಓಡಿಸೋದು, ಹಾಗಾಗಿ ರೈಲೇ ಸರಿ ಅಂತ ಆಯಿತು. ಮೊದಲು ಆರು ಕ್ಷೇತ್ರ, ಫೆಬ್ರವರಿ ಮೊದಲ ವಾರ. ಕುಂದಾಪುರದಲ್ಲಿ ಮೂರು ರಾತ್ರಿ, ಕೊಲ್ಲೂರಿನಲ್ಲಿ ಒಂದು, ಗೋಕರ್ಣದಲ್ಲಿ ಒಂದು. ಸುಬ್ರಹ್ಮಣ್ಯಕ್ಕೆ ಮಾರ್ಚ್‌ನಲ್ಲಿ, ಆಶ್ಲೇಷ ಬಲಿ ಜೊತೆಗೆ. ಪುರೋಹಿತರೂ ಒಪ್ಪಿದ್ದಾರೆ, ಅಮ್ಮ ಈಗಾಗಲೇ ಅರಿಶಿನದ ಬಟ್ಟೆಯಲ್ಲಿ ಕಾಣಿಕೆ ಕಟ್ಟಿಟ್ಟಿದ್ದಾರೆ.

ಮುರುಡೇಶ್ವರ ಬಿಟ್ಟು ಧಾರೇಶ್ವರದಲ್ಲಿ ಇಳಿಯೋಣ ಅಂದೆ, ಮಗ ಬಿಲ್‌ಕುಲ್ ಒಪ್ಪುತ್ತಿಲ್ಲ, ಅದನ್ನು ಇನ್ನೂ ಮಾತಾಡಬೇಕು. ಕುಂದಾಪ್ರದವರೇ, ಸ್ಟೇಷನ್‌ನಿಂದ ಪೇಟೆಗೆ ಬೆಳಿಗ್ಗೆ ಅಷ್ಟು ಬೇಗ ಆಟೋ ಸಿಗುತ್ತದಾ?

ಕುಂದಾಪ್ರದವ

ರೈಲು ಬರುವ ಹೊತ್ತಿಗೆ ಆಟೋದವರು ಕಾಯುತ್ತಿರುತ್ತಾರೆ. ಸ್ಟೇಷನ್ ಪೇಟೆಯಿಂದ ಸ್ವಲ್ಪ ಹೊರಗಿದೆ, ನಾಲ್ಕು ಜನ ಲಗೇಜ್ ಸಮೇತ ಒಂದು ಆಟೋದಲ್ಲಿ ಕೂರುವುದು ಅಮ್ಮನಿಗೆ ಇಕ್ಕಟ್ಟು. ಟ್ಯಾಕ್ಸಿ ಗೊತ್ತು ಮಾಡುವಾಗ ಮೊದಲ ದಿನ ಸ್ಟೇಷನ್‌ಗೇ ಬರಲು ಹೇಳಿಬಿಡಿ. ಹಾಗೇ ಡ್ರೈವರ್‌ಗೆ ಕಮಲಶಿಲೆಯಿಂದ ಕೊಲ್ಲೂರಿಗೆ ಒಳರಸ್ತೆ ಗೊತ್ತಿದೆಯಾ ಅಂತ ಕೇಳಿಕೊಳ್ಳಿ, ಕೆಲವರು ಸುಮ್ನೆ ಮತ್ತೆ ಕುಂದಾಪುರಕ್ಕೆ ಇಳಿಸಿ ಸುತ್ತಿಸುತ್ತಾರೆ.